ಒಗರು ನೋಡುವ ನಾಲಗೆ

ನಮ್ಮ ಅಪ್ಪ ಎಲೆ ಅಡಿಕೆ ಹಾಕುತ್ತಿರಲಿಲ್ಲ. ಬೀಡಿ ಸೇದುತ್ತಿರಲಿಲ್ಲ. ಹುಣಸೂರಿನ ಹೋಟೆಲುಗಳಿಗೆ ಕಾಫಿ ಬಂದು ಊರಿಗೆ ಊರೇ ಅದರ ಹಿಂದೆ ಬಿದ್ದಾಗಲೂ ಅಪ್ಪ ಅದನ್ನು ಬಾಯಿಗಿಡಲಿಲ್ಲ. ಸಾರಿಗೆ ಮೆಣಸಿನಕಾಯಿ ಒಂದು ಹೆಚ್ಚು ಬಿದ್ದರೆ ತಟ್ಟೆ ಸರಿಸಿಬಿಡುತ್ತಿದ್ದ. ನೋಡಿದವರು ಇವನ್ಯಾರೋ ವ್ರತ ಹಿಡಿದವನು ಅಂದುಕೊಳ್ಳುತ್ತಿದ್ದರು. ವ್ರತವೂ ಇಲ್ಲ, ಮಣ್ಣೂ ಇಲ್ಲ. ಅಪ್ಪ ಕಾಯುತ್ತಿದ್ದದ್ದು ತನ್ನ ನಾಲಗೆಯನ್ನು. ಆ ನಾಲಗೆಯ ದುಡಿಮೆಯಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು.

ಊರಿನ ಕೆಳಗಡೆ, ಲಕ್ಷ್ಮಣತೀರ್ಥದ ದಡದಲ್ಲಿ, ತೊಗಲು ಹದ ಮಾಡುವ ಒಂದು ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ಚಿಮಣಿ, ಸಿಳ್ಳು ಏನೂ ಇರಲಿಲ್ಲ. ಹೆಂಚು ಹೊದಿಸಿದ ಉದ್ದನೆಯ ಕೊಟ್ಟಿಗೆ, ಒಳಗೆ ನೆಲದಲ್ಲಿ ತೋಡಿ ಗಾರೆ ಹಾಕಿದ ಹನ್ನೆರಡು ತೊಟ್ಟಿ, ಹಿಂದುಗಡೆ ತೊಗಟೆ ಕುಟ್ಟುವ ಕಣ, ಅಷ್ಟೆ. ಯಜಮಾನರು ಊರಿನ ಮುಸಲ್ಮಾನ ವ್ಯಾಪಾರಿಗಳು. ಅವರನ್ನು ದೊಡ್ಡ ಸಾಹುಕಾರರು ಎನ್ನುತ್ತಿದ್ದೆವು. ಅಪ್ಪ ಅಲ್ಲಿ ತೊಟ್ಟಿ ಮೇಸ್ತ್ರಿ.

ಕೋಟೆ ಕಡೆಯಿಂದ, ಹಂಪಾಪುರದಿಂದ, ಪಿರಿಯಾಪಟ್ಟಣದಿಂದ, ಮಿರ್ಲೆಯಿಂದ ಹಸಿ ತೊಗಲು ಗಾಡಿಯಲ್ಲಿ ಬರುತ್ತಿತ್ತು. ಕೊಳೆಯದಿರಲೆಂದು ಅದಕ್ಕೆ ಉಪ್ಪು ಸವರಿರುತ್ತಿದ್ದರು. ಉಪ್ಪು ಕೊಡವಿ, ಹೊಳೆಯಲ್ಲಿ ನೆನೆಸಿ, ಸುಣ್ಣದಲ್ಲಿಟ್ಟು ಕೂದಲು ತೆಗೆದ ಮೇಲೆ ತೊಗಲು ತೊಟ್ಟಿಗೆ ಇಳಿಯುತ್ತಿತ್ತು. ತೊಟ್ಟಿಯಲ್ಲಿ ತಂಗಡಿ ಗಿಡದ ತೊಗಟೆ ನೆನೆಸಿದ ನೀರು. ಬಾಯಿಗೆ ಹಾಕಿದರೆ ಕೆನ್ನೆ ಒಳಕ್ಕೆ ಎಳೆದುಕೊಳ್ಳುವಷ್ಟು ಒಗರು. ಆ ಒಗರನ್ನು ತೊಗಲು ದಿನದಿನವೂ ಕುಡಿಯುತ್ತದೆ, ನೀರು ದಿನದಿನವೂ ಸಪ್ಪೆಯಾಗುತ್ತದೆ. ಆಗ ತೊಗಟೆ ಸೇರಿಸಬೇಕು. ಕಡಿಮೆಯಾದರೆ ತೊಗಲು ಒಳಗೆ ಹಸಿ ಉಳಿಯುತ್ತದೆ, ಹೆಚ್ಚಾದರೆ ಮೇಲೆ ಮಾತ್ರ ಬಿರುಸಾಗಿ ಒಡೆಯುತ್ತದೆ. ಎಷ್ಟು ಸೇರಿಸಬೇಕೆಂದು ಹೇಳುವುದು ಅಪ್ಪನ ನಾಲಗೆ.

ಅದಕ್ಕೊಂದು ಕ್ರಮವಿತ್ತು. ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಬಂದು, ಹೊಳೆಯ ನೀರಿನಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿ, ತೆಂಗಿನ ಚಿಪ್ಪಿನ ಸೌಟಿನಿಂದ ಒಂದು ಗುಟುಕು ತೆಗೆದು ನಾಲಗೆಯ ಮೇಲಿಟ್ಟು ನಿಲ್ಲುತ್ತಿದ್ದ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ದೊಡ್ಡ ಸಾಹುಕಾರರು ಕೂಡ ಕೆಮ್ಮು ತಡೆದು ನಿಂತಿರುತ್ತಿದ್ದರು. ಆಮೇಲೆ ಎಡಕ್ಕೆ ಉಗಿದು, "ಎಳೇದು" ಅಥವಾ "ನಡು" ಅಥವಾ "ಬಲ" ಎನ್ನುತ್ತಿದ್ದ. ಅಷ್ಟೇ ಮಾತು. ಎಳೆಯದಾದರೆ ಎರಡು ಮಂಕರಿ ತೊಗಟೆ, ನಡುವಾದರೆ ಒಂದು, ಬಲವಾದರೆ ಬೇಡ. ಮೂವತ್ತು ವರ್ಷ ಅಪ್ಪ ಹೀಗೆ ಹನ್ನೆರಡು ತೊಟ್ಟಿಗಳ ನೀರನ್ನು ನಾಲಗೆಯ ಮೇಲೆ ಹೊತ್ತಿದ್ದ.

ನಾನು ಆ ಕಾರ್ಖಾನೆಗೆ ಬುತ್ತಿ ತರುವವಳಾಗಿ ಬಂದೆ. ಅವ್ವ ನನ್ನ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಮದುವೆಯಾಗಿ ಹೆಗ್ಗಡದೇವನಕೋಟೆ ಕಡೆಗೆ ಹೋದವಳು ಒಂದೂವರೆ ವರ್ಷಕ್ಕೆ ವಾಪಸು ಬಂದೆ. ಗಂಡ ಕಾಡಿನ ಜ್ವರದಲ್ಲಿ ಹೋಗಿಬಿಟ್ಟ. ಆಗ ನನಗೆ ಇಪ್ಪತ್ತೂ ತುಂಬಿರಲಿಲ್ಲ. ಕೇರಿಯ ಹೆಂಗಸರು ಅಳು ಬರಿಸಲಿಕ್ಕೆ ಏನೆಲ್ಲ ಮಾಡಿದರು. ಎದೆ ತಿಕ್ಕಿದರು, ಅವನ ಪಂಚೆ ತಂದು ಮಡಿಲಲ್ಲಿಟ್ಟರು. ನನಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಹೊತ್ತು ಹುಟ್ಟಿದರೆ ಒಲೆ ಹಚ್ಚುತ್ತಿದ್ದೆ, ಹಿಟ್ಟು ತೊಳಸುತ್ತಿದ್ದೆ. ಕಲ್ಲು ಕಣವ್ವ ಇವಳು ಎಂದು ಅವರು ಎದ್ದುಹೋದರು. ಅವರು ಹೇಳಿದ್ದು ತಪ್ಪೇನಲ್ಲ.

ಅಪ್ಪನ ನಾಲಗೆ ಸತ್ತಿದೆ ಎಂದು ನನಗೆ ತಿಳಿದದ್ದು ಒಲೆಯ ಮುಂದೆ. ಮೊದಲು ಅಪ್ಪ ಹಸಿ ಮೆಣಸಿನಕಾಯಿ ಕೇಳತೊಡಗಿದ. ಜನ್ಮದಲ್ಲಿ ಖಾರ ತಿನ್ನದವನು ಮುದ್ದೆಯ ಜೊತೆ ಮೆಣಸಿನಕಾಯಿ ಕಚ್ಚಿದ್ದು ನೋಡಿ, ವಯಸ್ಸಾದ ಮೇಲೆ ಚಪಲ ಎಂದುಕೊಂಡೆ. ಆಮೇಲೊಂದು ದಿನ ಹುರುಳಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಅಪ್ಪ ಎರಡು ಮುದ್ದೆ ಉಂಡು, ತಟ್ಟೆ ತೊಳೆದಿಟ್ಟು, ಹೆಗಲಿಗೆ ಟವೆಲು ಹಾಕಿಕೊಂಡು ಹೋದ. ನಾನು ಉಣ್ಣಲು ಕೂತಾಗ ಬಾಯಿಗೆ ಬರೀ ಬಿಸಿನೀರು ಬಂತು. ಮಾರನೆಯ ದಿನ ಬೇಕೆಂದೇ ಎರಡು ಹಿಡಿ ಉಪ್ಪು ಸುರಿದೆ. ಅಪ್ಪ ಉಂಡ. ಆ ಮಧ್ಯಾಹ್ನ ಮೂರು ಚೊಂಬು ನೀರು ಕುಡಿದ. ಸಾರು ಹೇಗಿದೆ ಎಂದೆ.

"ಏ, ಸೆಂದಾಗದೆ ಕಣವ್ವ. ನಿಮ್ಮವ್ವನ ಕೈ ಬಂದದೆ ನಿಂಗೆ" ಎಂದ.

ನಾನು ಏನೂ ಹೇಳಲಿಲ್ಲ. ಹೇಳಿದರೆ ಏನಾಗುತ್ತಿತ್ತೆಂದು ಗೊತ್ತಿತ್ತು. ನಾಲಗೆ ಇಲ್ಲದ ತೊಟ್ಟಿ ಮೇಸ್ತ್ರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಪ್ಪನಿಗೂ ಗೊತ್ತಿತ್ತು, ಅದಕ್ಕೇ ಅವನೂ ಹೇಳಲಿಲ್ಲ. ಎರಡು ವರ್ಷ ಅಪ್ಪ ಅಭ್ಯಾಸದ ಬಲದಿಂದಲೇ ದೂಡಿದ. ನೀರಿನ ಬಣ್ಣ ನೋಡುತ್ತಿದ್ದ, ಬೆರಳುಗಳ ನಡುವೆ ಉಜ್ಜಿ ಅಂಟು ನೋಡುತ್ತಿದ್ದ, ಆಮೇಲೆ ಬಾಯಿಗೆ ಹಾಕಿಕೊಂಡು ಮೊದಲಿನ ಹಾಗೇ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅದೇ ತೊಗಟೆ, ಅದೇ ತೊಗಲು, ಅದೇ ಹೊಳೆ. ಅಂದಾಜು ತಪ್ಪಲಿಲ್ಲ.

ಅಷ್ಟರಲ್ಲಿ ಯುದ್ಧ ಶುರುವಾಯಿತು. ಬೂಟಿನ ತೊಗಲು ಎಷ್ಟಿದ್ದರೂ ಸಾಲದು ಎಂಬ ಕಾಲ ಬಂತು. ದೊಡ್ಡ ಸಾಹುಕಾರರ ಮಗ ಮದರಾಸಿನಲ್ಲಿ ಚರ್ಮದ ಕೆಲಸ ಓದಿ ಬಂದರು. ನಾವು ಅವರನ್ನು ಚಿಕ್ಕ ಸಾಹುಕಾರರು ಎಂದೆವು. ತೆಳ್ಳಗಿನ ಮನುಷ್ಯ, ಬಿಳಿ ಷರಾಯಿ, ಯಾವಾಗಲೂ ಜೇಬಿನಲ್ಲಿ ಪೆನ್ಸಿಲು. ಬಂದ ವಾರದಲ್ಲೇ ಒಂದು ಉದ್ದನೆಯ ಪೆಟ್ಟಿಗೆ ಬಿಚ್ಚಿ, ಹತ್ತಿಯೊಳಗಿಂದ ಒಂದು ಗಾಜಿನ ಕೊಳವೆ ತೆಗೆದರು. ಕೆಳಗೆ ದಪ್ಪ ಬುರುಡೆ, ಅದರಲ್ಲಿ ಸೀಸದ ಗುಂಡು, ಮೇಲೆ ಸಣ್ಣ ಕುತ್ತಿಗೆ, ಕುತ್ತಿಗೆಯ ತುಂಬ ಗೆರೆ ಮತ್ತು ಅಂಕಿ. ನೀರಿಗೆ ಬಿಟ್ಟರೆ ನೆಟ್ಟಗೆ ತೇಲುತ್ತಿತ್ತು. ನೀರು ಮಂದವಾದಷ್ಟೂ ಅದು ಮೇಲೇಳುತ್ತದೆ, ನೀರಿನ ಮಟ್ಟಕ್ಕೆ ಯಾವ ಅಂಕಿ ಇದೆಯೋ ಅದೇ ಒಗರಿನ ಲೆಕ್ಕ ಎಂದು ಅವರು ವಿವರಿಸಿದರು. ಆಳುಗಳು ಅದಕ್ಕೆ ಬೆಂಡು ಎಂದು ಹೆಸರಿಟ್ಟರು.

"ಗಾಜಿಗೆ ನಾಲ್ಗೆ ಇದ್ದದಾ ಸಾಮಿ?" ಎಂದ ಸುಣ್ಣದ ತೊಟ್ಟಿಯ ಮುದುಕ. ಎಲ್ಲರೂ ನಕ್ಕರು.

ಚಿಕ್ಕ ಸಾಹುಕಾರರೂ ನಕ್ಕರು. "ನಾಲಗೆ ಇಲ್ಲ, ಅದಕ್ಕೇ ಸುಳ್ಳು ಹೇಳಲ್ಲ" ಎಂದರು. "ಮೂರು ತಿಂಗಳು ಎರಡನ್ನೂ ನೋಡೋಣ. ಮೇಸ್ತ್ರಿ ನಾಲಗೆ ಏನು ಹೇಳುತ್ತೆ, ಗಾಜು ಏನು ಹೇಳುತ್ತೆ ಅಂತ. ಆಮೇಲೆ ಯಾವುದನ್ನು ಇಟ್ಟುಕೊಳ್ಳಬೇಕೋ ಇಟ್ಟುಕೊಳ್ಳೋಣ."

ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಜಗಳವಾಡುತ್ತಾನೆ ಎಂದುಕೊಂಡಿದ್ದರು. ಅಪ್ಪ, "ಬರ್ಲಿ ಬುಡಿ, ಕಾಲ ಬದ್ಲಾಯ್ತದೆ" ಎಂದು ಸೌಟು ತೊಳೆಯಲು ಹೋದ. ದೊಡ್ಡ ಮನಸ್ಸು ಎಂದು ಆಳುಗಳು ಕೊಂಡಾಡಿದರು. ಬುತ್ತಿ ಇಟ್ಟುಕೊಂಡು ಕಂಬದ ಹತ್ತಿರ ನಿಂತಿದ್ದ ನನಗೆ ಅಪ್ಪ ತೊಳೆದ ಸೌಟನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದದ್ದು ಕಂಡಿತು.

ಗಾಜಿನ ಮೇಲಿದ್ದದ್ದು ಇಂಗ್ಲಿಷ್ ಅಂಕಿ. ಆಳುಗಳಲ್ಲಿ ಯಾರಿಗೂ ಅದು ಬರುತ್ತಿರಲಿಲ್ಲ. ಚಿಕ್ಕ ಸಾಹುಕಾರರಿಗೆ ದಿನಾ ಹನ್ನೆರಡು ತೊಟ್ಟಿ ಸುತ್ತುವ ಪುರಸೊತ್ತಿರಲಿಲ್ಲ. ನಾನು ನಾಲ್ಕನೇ ಕ್ಲಾಸಿನವರೆಗೆ ಸರ್ಕಾರಿ ಸ್ಕೂಲಿಗೆ ಹೋಗಿದ್ದೆ. ನಮ್ಮ ಕೇರಿಯವರನ್ನು ಒಳಗೆ ಕೂರಿಸುತ್ತಿರಲಿಲ್ಲ. ಜಗಲಿಯಲ್ಲಿ ಕೂತು, ಕಿಟಕಿಯಲ್ಲಿ ಕಂಡ ಬೋರ್ಡಿನಿಂದ ಇಂಗ್ಲಿಷ್ ಅಂಕಿಯನ್ನೂ ಕಲಿತಿದ್ದೆ. ಅದು ಅವತ್ತು ಕೆಲಸಕ್ಕೆ ಬಂತು.

"ನಿನಗೆ ಈ ಅಂಕಿ ಓದೋಕೆ ಬರುತ್ತೇನಮ್ಮ?" ಎಂದು ಅವರು ಕೇಳಿದರು.

ಬರುತ್ತದೆ ಎಂದೆ. ಮಾರನೆಯ ದಿನದಿಂದ ನಾನು ಬೆಂಡು ಓದುವವಳಾದೆ.

ಪರೀಕ್ಷೆ ಹೀಗೆ ನಡೆಯುತ್ತಿತ್ತು. ನಾನು ಮೊದಲು ತೊಟ್ಟಿಯ ಹತ್ತಿರ ಹೋಗಿ, ಗಾಜು ಇಳಿಸಿ, ಅಂಕಿ ನೋಡಿ, ಸ್ಲೇಟಿನಲ್ಲಿ ಬರೆದು ಮಗುಚಿ ಹಿಡಿದುಕೊಳ್ಳಬೇಕು. ಗಾಜನ್ನು ಪಕ್ಕದ ಕಲ್ಲಿನ ಮೇಲಿಡಬೇಕು. ಆಮೇಲೆ ಕಣದಿಂದ ಅಪ್ಪನನ್ನು ಕರೆಯುತ್ತಾರೆ. ಅಪ್ಪ ಬಂದು, ರುಚಿ ನೋಡಿ, ಹೇಳುತ್ತಾನೆ. ಆಮೇಲೆ ಸ್ಲೇಟು ತಿರುಗಿಸುವುದು. ಹದಿನೈದಕ್ಕೆ ಕಡಿಮೆ ಇದ್ದರೆ ಎಳೆಯದು, ಇಪ್ಪತ್ತೈದಕ್ಕೆ ಮೇಲಿದ್ದರೆ ಬಲ, ನಡುವೆ ಇದ್ದರೆ ನಡು ಎಂದು ಚಿಕ್ಕ ಸಾಹುಕಾರರು ಗೊತ್ತು ಮಾಡಿದ್ದರು.

ಮೊದಲ ದಿನ ಮೊದಲ ತೊಟ್ಟಿಯಲ್ಲಿ ಇಪ್ಪತ್ತೆಂಟು ಬಂತು. ನಾನು ಗಾಜನ್ನು ಕಲ್ಲಿನ ಬಲತುದಿಯಲ್ಲಿಟ್ಟೆ. ಬೇಕೆಂದು ಇಟ್ಟೆನೋ, ಕೈ ಹೋದ ಕಡೆ ಇಟ್ಟೆನೋ, ಈಗಲೂ ಹೇಳಲಾರೆ. ಅಪ್ಪ ಬಂದ. ಬಾಯಿ ಮುಕ್ಕಳಿಸಿದ. ಕಲ್ಲಿನ ಕಡೆ ಒಂದು ಸಲ ನೋಡಿದ, ನನ್ನ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ ನಿಂತು, ಉಗಿದು, "ಬಲ" ಎಂದ. ಎರಡನೇ ತೊಟ್ಟಿಯಲ್ಲಿ ಹತ್ತೊಂಬತ್ತು. ಗಾಜನ್ನು ನಡುವಿನಲ್ಲಿಟ್ಟೆ. ಅಪ್ಪ "ನಡು" ಎಂದ. ಮೂರನೆಯದರಲ್ಲಿ ಹನ್ನೆರಡು. ಎಡತುದಿಯಲ್ಲಿಟ್ಟೆ.

ಇದರ ಬಗ್ಗೆ ನಾವಿಬ್ಬರೂ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಅವತ್ತು ಮಾತ್ರವಲ್ಲ, ಯಾವತ್ತೂ ಆಡಲಿಲ್ಲ. ಅಪ್ಪ ಉಣ್ಣುತ್ತಿದ್ದ, ನಾನು ಬಡಿಸುತ್ತಿದ್ದೆ. ಮೋಸ ಮಾಡುತ್ತಿದ್ದೇನೆ ಎಂಬ ಹೆದರಿಕೆಯೂ ನನಗಿರಲಿಲ್ಲ, ಅಪ್ಪನನ್ನು ಉಳಿಸಿದೆ ಎಂಬ ಹಿಗ್ಗೂ ಇರಲಿಲ್ಲ. ಗಾಜು ಇಳಿಸುವುದು, ಬರೆಯುವುದು, ಇಡುವುದು. ಕೈ ಮಾಡುತ್ತಿತ್ತು.

ಮೂರು ತಿಂಗಳಲ್ಲಿ ನಾಲಗೆ ಮತ್ತು ಗಾಜು ಒಂದು ಸಲವೂ ಬೇರೆಯಾಗಲಿಲ್ಲ. ಚಿಕ್ಕ ಸಾಹುಕಾರರು ಬೆರಗಾಗಿಬಿಟ್ಟರು. ಎಡತೊರೆಯಿಂದ ಬಂದ ತೊಗಲಿನ ವ್ಯಾಪಾರಿಗಳಿಗೆ, ಪಿರಿಯಾಪಟ್ಟಣದಿಂದ ತೊಗಟೆ ತರುವವರಿಗೆ, ಅಪ್ಪನನ್ನು ನಿಲ್ಲಿಸಿ ತೋರಿಸುತ್ತಿದ್ದರು. "ಮದರಾಸಿನಲ್ಲೂ ಇಂಥ ನಾಲಗೆ ನೋಡಿಲ್ಲ" ಎನ್ನುತ್ತಿದ್ದರು. ಎರಡನ್ನೂ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಸಂತೆಯಲ್ಲಿ ಜನ ಅಪ್ಪನಿಗೆ ದಾರಿ ಬಿಡತೊಡಗಿದರು. ಅಪ್ಪ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ, ಅದನ್ನು ವಿನಯ ಎಂದುಕೊಂಡರು.

ಇನ್ನು ಉಪ್ಪಿನ ವಿಷಯ ಹೇಳಬೇಕು. ತೊಗಲಿನಿಂದ ಕೊಡವಿದ ಉಪ್ಪನ್ನು ನಮ್ಮ ಆಳುಗಳು ಎಂದೂ ಹೊರಗೆ ಚೆಲ್ಲುತ್ತಿರಲಿಲ್ಲ. ಉಪ್ಪು ಲಕ್ಷ್ಮಿ, ಅದನ್ನು ತುಳಿದರೆ ಮನೆ ಉದ್ಧಾರವಾಗುವುದಿಲ್ಲ ಎಂಬ ನಂಬಿಕೆ. ದಾರಿಗೆ ಎಸೆದರೆ ಯಾರಾದರೂ ತುಳಿದಾರು. ರಕ್ತ ಅಂಟಿದ ಉಪ್ಪಾದ್ದರಿಂದ ಮನೆಗೂ ಒಯ್ಯುವಂತಿಲ್ಲ. ಹಾಗಾಗಿ ಗುಡಿಸಿ, ಗೋಡೆಯ ಮೂಲೆಯಲ್ಲಿ, ಯಾರ ಕಾಲಿಗೂ ಸಿಗದ ಹಾಗೆ ಗುಡ್ಡೆ ಹಾಕುತ್ತಿದ್ದರು. ಆ ಮೂಲೆ ಏಳನೇ ತೊಟ್ಟಿಯ ತಲೆಯ ಕಡೆ ಇತ್ತು. ತಾತನ ಕಾಲದಿಂದ ಅಲ್ಲೇ ಇತ್ತು, ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಯುದ್ಧದ ಅವಸರದಲ್ಲಿ ತೊಗಲು ಮೂರು ಪಟ್ಟು ಬರತೊಡಗಿ, ಗುಡ್ಡೆಯೂ ಸೊಂಟದೆತ್ತರ ಬೆಳೆದಿತ್ತು.

ಆ ವರ್ಷದ ಆಷಾಢದಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಮೂಲೆಯ ಹೆಂಚು ಜಾರಿತ್ತು. ಐದನೆಯ ದಿನ ನಾನು ಏಳನೇ ತೊಟ್ಟಿಗೆ ಗಾಜು ಇಳಿಸಿದೆ. ಹಿಂದಿನ ದಿನಗಳಲ್ಲಿ ಹದಿನಾರಿದ್ದದ್ದು ಇಪ್ಪತ್ತೇಳಾಗಿತ್ತು.

ನಾನು ಮತ್ತೊಂದು ಸಲ ಇಳಿಸಿದೆ. ಇಪ್ಪತ್ತೇಳೇ. ತೊಗಟೆ ಹಾಕಿರಲಿಲ್ಲ. ಮಳೆನೀರು ಸೇರಿದ ಮೇಲೆ ಇಳಿಯಬೇಕಾದದ್ದು ಏರಿತ್ತು. ಇದು ಸರಿಯಲ್ಲ ಎಂದು ನನಗೆ ಹೊಳೆಯಿತು. ಮೂಲೆಯ ಗುಡ್ಡೆ ಕರಗಿ ಅರ್ಧವಾದದ್ದೂ ಕಣ್ಣಿಗೆ ಬಿತ್ತು. ಬೆರಳು ಅದ್ದಿ ಬಾಯಿಗಿಟ್ಟಿದ್ದರೆ ಮುಗಿದಿತ್ತು. ಇಡಲಿಲ್ಲ. ಓದುವುದು ನನ್ನ ಕೆಲಸ, ರುಚಿ ನೋಡುವುದು ಅಪ್ಪನ ಕೆಲಸ ಎಂದು ಮನಸ್ಸು ಅಲ್ಲೇ ನಿಂತುಬಿಟ್ಟಿತು. ಆ ಅಪ್ಪನಿಗೆ ರುಚಿ ತಿಳಿಯದೆಂದು ಲೋಕದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಇಷ್ಟೆಲ್ಲ ಗೊತ್ತಿದ್ದೂ ಇಪ್ಪತ್ತೇಳು ಎಂದು ಬರೆದು ಗಾಜನ್ನು ಬಲತುದಿಯಲ್ಲಿಟ್ಟೆ.

ಕಲ್ಲು ನೋಡಿ ಹೇಳುವುದು ರೂಢಿಯಾದ ಮೇಲೆ ಬಣ್ಣ, ಅಂಟು ನೋಡುವುದನ್ನೇ ಬಿಟ್ಟಿದ್ದ ಅಪ್ಪ ಬಂದು, ಕಣ್ಣು ಮುಚ್ಚಿ ನಿಂತು, "ಬಲ" ಎಂದ. ತೊಗಟೆ ಹಾಕಲಿಲ್ಲ. ಮಾರನೆಯ ದಿನವೂ ಬಲ, ಅದರ ಮಾರನೆಯ ದಿನವೂ ಬಲ. ಇಪ್ಪತ್ತು ದಿನ ಆ ತೊಟ್ಟಿಗೆ ಒಂದು ಮಂಕರಿ ತೊಗಟೆಯೂ ಬೀಳಲಿಲ್ಲ.

ತೊಗಲು ಮೇಲೆತ್ತಿದ ದಿನ ಚಿಕ್ಕ ಸಾಹುಕಾರರು ಒಂದರ ಅಂಚನ್ನು ಚಾಕುವಿನಿಂದ ಕೊಯ್ದು ನೋಡಿದರು. ಹದವಾದ ತೊಗಲು ಒಳಗೂ ಹೊರಗೂ ಒಂದೇ ಕಂದು ಬಣ್ಣ ಇರಬೇಕು. ಇದರ ನಡುವೆ ಬೆಳ್ಳನೆಯ ಗೆರೆ ಇತ್ತು. ಇನ್ನೊಂದು ಕೊಯ್ದರು. ಅದೂ ಹಾಗೇ. ಇಡೀ ತೊಟ್ಟಿಯ ತೊಗಲು ಒಳಗೆ ಹಸಿ, ವಾಸನೆ ಬೇರೆ ಹಿಡಿದಿತ್ತು. ಅವರು ಗಾಜು ಇಳಿಸಿದರು. ಅದು ಮೇಲೆಯೇ ನಿಂತಿತು. ಆಮೇಲೆ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡು, ತಟ್ಟನೆ ಉಗಿದರು.

"ಉಪ್ಪು! ಬರೀ ಉಪ್ಪು ನೀರು!"

ಎಲ್ಲರೂ ಮೂಲೆಯ ಕಡೆ ತಿರುಗಿದರು. ಗುಡ್ಡೆ ಇದ್ದ ಕಡೆ ಮೊಣಕಾಲೆತ್ತರವೂ ಉಳಿದಿರಲಿಲ್ಲ.

ಚಿಕ್ಕ ಸಾಹುಕಾರರು ಕೂಗಾಡಲಿಲ್ಲ. ಅಪ್ಪನ ಹತ್ತಿರ ಬಂದು ಮೆಲ್ಲನೆ ಕೇಳಿದರು. "ಮೇಸ್ತ್ರಿ, ನೀರು ಮಂದವಾದರೆ ಗಾಜು ಏಳುತ್ತೆ. ಉಪ್ಪಿನಿಂದ ಮಂದವಾಯ್ತೋ ಒಗರಿನಿಂದ ಆಯ್ತೋ ಅದಕ್ಕೆ ಗೊತ್ತಾಗಲ್ಲ. ಅದು ನನ್ನ ತಪ್ಪು, ನಾನು ಯೋಚನೆ ಮಾಡಬೇಕಿತ್ತು. ಆದರೆ ನಿಮ್ಮ ನಾಲಗೆ? ಇಪ್ಪತ್ತು ದಿನ ದಿನಾ ಬಾಯಿಗೆ ಹಾಕಿಕೊಂಡಿದ್ದೀರಿ. ನಿಮಗೆ ಉಪ್ಪು ಗೊತ್ತಾಗಲಿಲ್ಲವಾ?"

ಅಪ್ಪ ಕೈಯಲ್ಲಿದ್ದ ಸೌಟನ್ನು ಕಲ್ಲಿನ ಮೇಲಿಟ್ಟ.

"ನನ್ ನಾಲ್ಗೆ ಸತ್ತು ಮೂರು ವರ್ಸ ಆಯ್ತು ಸಾಮಿ" ಎಂದ.

"ಮತ್ತೆ ದಿನಾ ಗಾಜಿನ ಸಮಕ್ಕೆ ಹೇಗೆ ಹೇಳುತ್ತಿದ್ರಿ?"

ಆಗ ಅಪ್ಪ ನನ್ನ ಕಡೆ ನೋಡಲಿಲ್ಲ. ಕಲ್ಲಿನ ಕಡೆಯೂ ನೋಡಲಿಲ್ಲ. "ಬಣ್ಣ ನೋಡ್ತಿದ್ದೆ. ಬೆರಳಲ್ಲಿ ಉಜ್ಜಿ ಅಂಟು ನೋಡ್ತಿದ್ದೆ. ಮೂವತ್ತು ವರ್ಸದ ಅಂದಾಜು ಸಾಮಿ. ಇದ್ರಲ್ಲಿ ಬ್ಯಾರೆ ಯಾರ್ದೂ ಕೈ ಇಲ್ಲ" ಎಂದ.

ಸ್ಲೇಟು ನನ್ನ ಕೈಯಲ್ಲಿತ್ತು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನೂ ಹೊರಗೆ ಹೋಗುತ್ತಿದ್ದೆ, ಅಷ್ಟೇ ತಾನೆ. ಆದರೂ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ. ಅವತ್ತು ನಾಚಿಕೆಯೂ ಆಗಲಿಲ್ಲ, ಕಾಲಿನ ಕೆಳಗೆ ನೀರು ಹರಿಯುತ್ತಿದ್ದದ್ದನ್ನು ನೋಡುತ್ತ ನಿಂತಿದ್ದೆ.

ದೊಡ್ಡ ಸಾಹುಕಾರರು ಹಳೆಯ ಕಾಲದವರು, ಉಪ್ಪು ತಿಂದ ಆಳನ್ನು ಬೀದಿಗೆ ಬಿಡಲು ಒಪ್ಪಲಿಲ್ಲ. ತೊಗಟೆಯ ಕಣ ಕಾಯುವ ಕೆಲಸ ಕೊಡುತ್ತೇವೆ ಎಂದರು. ಅಪ್ಪ ಕೈ ಮುಗಿದು ಬೇಡ ಎಂದ. ಚಿಕ್ಕ ಸಾಹುಕಾರರು ಹೊಸ ಕಟ್ಟಳೆ ಮಾಡಿದರು: ಇನ್ನು ಮೇಲೆ ಪ್ರತಿ ತೊಟ್ಟಿಗೂ ಗಾಜು ಇಳಿಸಬೇಕು, ನಾಲಗೆಯನ್ನೂ ಮುಟ್ಟಿಸಬೇಕು, ಎರಡೂ ಒಬ್ಬರೇ ಮಾಡಬೇಕು. ಗಾಜು ಎಷ್ಟು ಎಂದು ಹೇಳುತ್ತದೆ, ಯಾವುದು ಎಂದು ನಾಲಗೆ ಹೇಳಬೇಕು. ಆ ಕೆಲಸ ನನಗೆ ಕೊಟ್ಟರು. ಅಪ್ಪನ ತೆಂಗಿನ ಚಿಪ್ಪಿನ ಸೌಟು ನನ್ನ ಕೈಗೆ ಬಂತು.

ಉಪ್ಪನ್ನು ಇನ್ನು ಹೊಳೆಗೇ ಬಿಡಬೇಕು ಎಂದೂ ಕಟ್ಟಳೆಯಾಯಿತು. ಆಳುಗಳು ಒಂದು ವಾರ ಮೀನ ಮೇಷ ಎಣಿಸಿದರು. ಕೊನೆಗೆ ಸುಣ್ಣದ ತೊಟ್ಟಿಯ ಮುದುಕ ಮೊದಲ ಮಂಕರಿ ಹೊತ್ತುಕೊಂಡು ನಡುನೀರಿಗೆ ಇಳಿದು, "ತೆಪ್ಪಾಯ್ತು ಕಣವ್ವ, ಒಟ್ಟೆಗೆ ಆಕ್ಕೊ" ಎಂದು ಸುರಿದ. ಉಪ್ಪಿಗೆ ಹೇಳಿದನೋ ಹೊಳೆಗೆ ಹೇಳಿದನೋ ತಿಳಿಯಲಿಲ್ಲ. ಆಮೇಲೆ ಎಲ್ಲರೂ ಸುರಿದರು.

ಅಪ್ಪ ಮನೆಯಲ್ಲಿ ಉಳಿದ. ನಾಲ್ಕು ದಿನ ಗೋಡೆಗೆ ಒರಗಿ ಕೂತಿದ್ದ. ಐದನೆಯ ದಿನ ಮಧ್ಯಾಹ್ನ ಕಾರ್ಖಾನೆಯ ಬಾಗಿಲಲ್ಲಿ ಬುತ್ತಿ ಹಿಡಿದುಕೊಂಡು ನಿಂತಿದ್ದ. ತಾನೇ ಮುದ್ದೆ ಮಾಡಿದ್ದ, ಅವರೆಕಾಳಿನ ಸಾರು ಮಾಡಿದ್ದ. ನಾನು ಬಾಗಿಲ ಪಕ್ಕದ ಹುಣಸೆಮರದ ಕೆಳಗೆ ಕೂತು ತುತ್ತು ಮುರಿದೆ. ಸಾರಿನಲ್ಲಿ ಉಪ್ಪು ಇರಲಿಲ್ಲ.

"ಉಪ್ಪು ಸರ್ಯಾಗದಾ ಮಗ?" ಎಂದ.

"ಸರ್ಯಾಗದೆ ಕಣಪ್ಪ."

ಅಂದಿನ ಸಂಜೆ ಮನೆಗೆ ಹೋಗಿ, ಒಂದು ಪುಟ್ಟ ಚಿಪ್ಪನ್ನು ಉಜ್ಜಿ, ಒಳಗೆ ಕುಡುಗೋಲಿನ ತುದಿಯಿಂದ ಒಂದು ಗೆರೆ ಕೊರೆದೆ. ಇಬ್ಬರ ಸಾರಿಗೆ ಈ ಗೆರೆಯವರೆಗೆ ಉಪ್ಪು ಎಂದೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. "ನಂಗೂ ಒಂದ್ ಬೆಂಡು ಕೊಟ್ಬುಟ್ಟೆ" ಎಂದು ನಕ್ಕ. ಅಪ್ಪ ನಕ್ಕದ್ದು ನೋಡಿ ಎಷ್ಟೋ ದಿನವಾಗಿತ್ತು. ಆಮೇಲೆ ಅಪ್ಪನ ಅಡಿಗೆಯಲ್ಲಿ ಒಂದು ದಿನವೂ ಉಪ್ಪು ಹೆಚ್ಚು ಕಡಿಮೆ ಆಗಲಿಲ್ಲ. ಕೇರಿಯ ಹೆಂಗಸರಿಗಿಂತ ಚೆನ್ನಾಗಿ ಬೇಯಿಸುತ್ತಿದ್ದ. ಮೂವತ್ತು ವರ್ಷ ತೊಟ್ಟಿಗಳ ಮೇಲೆ ಗಮನವಿಟ್ಟವನಿಗೆ ಮಡಕೆ ಯಾವ ಲೆಕ್ಕ?

ಹೀಗೆ ಮೂರು ವರ್ಷ ಹೋಯಿತು. ಕಾರ್ಖಾನೆಗೆ ಎಣ್ಣೆಯ ಎಂಜಿನ್ನು ಬಂತು, ಕುಟ್ಟುವ ಹೆಂಗಸರ ಬದಲು ತೊಗಟೆ ಅರೆಯುವ ಯಂತ್ರ ಬಂತು. ತೊಟ್ಟಿ ಹದಿನೆಂಟಾದವು. ನಾನು ದಿನಕ್ಕೆ ಹದಿನೆಂಟು ಸಲ ಗಾಜು ಇಳಿಸುತ್ತಿದ್ದೆ, ಹದಿನೆಂಟು ಸಲ ಒಗರನ್ನು ನಾಲಗೆಯ ಮೇಲಿಡುತ್ತಿದ್ದೆ. ಎರಡೂ ಸರಿಯಾಗಿಯೇ ಇರುತ್ತಿದ್ದವು. ಚಿಕ್ಕ ಸಾಹುಕಾರರು ನನ್ನನ್ನೂ ಬಂದವರಿಗೆ ತೋರಿಸತೊಡಗಿದರು. ಕೇರಿಯಲ್ಲಿ ನನ್ನನ್ನು ಮೇಸ್ತ್ರಮ್ಮ ಎಂದರು. ಕಾಫಿ ಕುಡಿಯುತ್ತಿರಲಿಲ್ಲ, ಎಲೆ ಹಾಕುತ್ತಿರಲಿಲ್ಲ. ಅಪ್ಪನ ಹಾಗೇ.

ಒಂದು ಮಧ್ಯಾಹ್ನ ಅಪ್ಪ ಬುತ್ತಿ ತಂದ. ಹುರುಳಿ ಸಾರು. ಹುಣಸೆಮರದ ಕೆಳಗೆ ಕೂತು ಉಂಡೆ. ಅಪ್ಪ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ನಾನು ಉಣ್ಣುವುದನ್ನೇ ನೋಡುತ್ತಿದ್ದ. ಇನ್ನೊಂದು ಮೆಣಸಿನಕಾಯಿ ಇದೆಯಾ ಎಂದು ಕೇಳಿದೆ. ಕೊಟ್ಟ. ಕಚ್ಚಿಕೊಂಡು ಎರಡನೇ ಮುದ್ದೆಯನ್ನೂ ಮುಗಿಸಿದೆ. ಕೈ ತೊಳೆದೆ.

"ಎಂಗಿತ್ತು ಮಗ?" ಎಂದ.

"ಸೆಂದಾಗಿತ್ತು."

ಅಪ್ಪ ಸೊಂಟದಿಂದ ಒಂದು ಮುತ್ತುಗದೆಲೆಯ ಪೊಟ್ಟಣ ತೆಗೆದು ನನ್ನ ಮುಂದೆ ಬಿಚ್ಚಿದ. ಗೆರೆಯ ಅಳತೆಯ ಉಪ್ಪು, ಹಾಗೇ ಇತ್ತು.

"ಇವತ್ತು ಉಪ್ಪೇ ಆಕ್ಲಿಲ್ಲ ಕಣವ್ವ. ನೆನ್ನೇನೂವೆ ಆಕಿರ್ಲಿಲ್ಲ" ಎಂದ. "ಓದ್ ತಿಂಗ್ಳು ನೀನು ಮೆಣಸಿನಕಾಯಿ ಕೇಳ್ದಾಗ್ಲೇ ನಂಗೆ ಅನುಮಾನ ಬಂತು."

ಒಂದು ಚಿಟಿಕೆ ತೆಗೆದು ನಾಲಗೆಯ ಮೇಲಿಟ್ಟುಕೊಂಡೆ. ಮರಳು ಇಟ್ಟುಕೊಂಡ ಹಾಗಿತ್ತು. ಇನ್ನೊಂದು ಚಿಟಿಕೆ ಇಟ್ಟೆ. ಹದಿನೆಂಟು ತೊಟ್ಟಿಗೂ ನಾನು ಎಷ್ಟು ದಿನದಿಂದ ಬರೀ ಗಾಜನ್ನು ನೋಡಿ ಹೇಳುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಅಪ್ಪನಿಗಾದರೂ ತನ್ನ ನಾಲಗೆ ಸತ್ತದ್ದು ಗೊತ್ತಿತ್ತು.

"ಯಾರ್ಗೂ ಏಳ್ಬ್ಯಾಡ ಕಣಪ್ಪ" ಎಂದೆ.

ಅಪ್ಪ ಎದ್ದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಮೂರು ವರ್ಷದಿಂದ ಬಾಗಿಲು ದಾಟದವನು ನೆಟ್ಟಗೆ ಒಳಗೆ ಹೋಗಿ ಚಿಕ್ಕ ಸಾಹುಕಾರರ ಮೇಜಿನ ಮುಂದೆ ನಿಂತ. ಅವನ ಮಾತು ಮರದ ಕೆಳಗೆ ಕೂತಿದ್ದ ನನಗೆ ಕೇಳಿಸುತ್ತಿತ್ತು.

"ಒಗರು ಕುಡ್ದು ಕುಡ್ದು ನನ್ ಮಗ್ಳ ನಾಲ್ಗೇನೂ ಓಯ್ತಾ ಅದೆ ಸಾಮಿ. ಒಬ್ರ ನಾಲ್ಗೆ ಮ್ಯಾಲೇ ಈ ನೀರೆಲ್ಲಾನೂ ಉಯ್ಯಬ್ಯಾಡಿ. ವಾರಕ್ಕೊಬ್ರು ನೋಡ್ಲಿ. ಗಾಜು ಅವಳ್ತಾವ್ಲೇ ಇರ್ಲಿ, ಅದ್ಕೆ ನಾಲ್ಗೆ ಬ್ಯಾಡ, ಕಣ್ಣಿದ್ರೆ ಸಾಕು."

ಚಿಕ್ಕ ಸಾಹುಕಾರರು ಪೆನ್ಸಿಲು ಕೆಳಗಿಟ್ಟು ಎದ್ದು ನಿಂತದ್ದು ಕಿಟಕಿಯಿಂದ ಕಾಣಿಸಿತು. ಅಪ್ಪ ಹೇಳಿದಂತೆಯೇ ಮಾಡಿದರು. ಮುಂದಿನ ಸೋಮವಾರದಿಂದ ಆರು ಜನ ಸರದಿ ಹಿಡಿದು ರುಚಿ ನೋಡತೊಡಗಿದರು. ಯಾರ ನಾಲಗೆಯೂ ಆಮೇಲೆ ಕೆಡಲಿಲ್ಲ.

ಅವತ್ತು ಹುಣಸೆಮರದ ಕೆಳಗೆ ನಾನು ಅತ್ತೆ. ಗಂಡ ಹೋದಾಗ ಬಾರದ ಅಳು, ಅಪ್ಪ ಸೌಟು ಕೆಳಗಿಟ್ಟಾಗ ಬಾರದ ಅಳು, ಖಾಲಿ ಬುತ್ತಿಯ ಮುಂದೆ ಬಂತು. ತುಟಿಗೆ ಇಳಿದ ಕಣ್ಣೀರು ಕೂಡ ಸಪ್ಪೆಯಾಗಿತ್ತು. ಅಪ್ಪನ ವಿಷಯವನ್ನು ನಾನು ಮೂರು ವರ್ಷ ಮುಚ್ಚಿಟ್ಟಿದ್ದೆ, ಅದನ್ನೇ ಪ್ರೀತಿ ಎಂದುಕೊಂಡಿದ್ದೆ. ನನ್ನ ವಿಷಯವನ್ನು ಅಪ್ಪ ಖಾತ್ರಿಯಾದ ಮೇಲೆ ಬುತ್ತಿ ತೊಳೆಯುವಷ್ಟು ಹೊತ್ತೂ ಮುಚ್ಚಿಡಲಿಲ್ಲ.

ಒಗರು ಮುಟ್ಟುವುದನ್ನು ಬಿಟ್ಟ ಆರು ತಿಂಗಳ ಮೇಲೆ ನನ್ನ ನಾಲಗೆಗೆ ಉಪ್ಪು ಸ್ವಲ್ಪ ಸ್ವಲ್ಪವಾಗಿ ತಿಳಿಯತೊಡಗಿತು. ಮೊದಲು ಉಪ್ಪಿನಕಾಯಿಯಲ್ಲಿ, ಆಮೇಲೆ ಸಾರಿನಲ್ಲಿ. ತಿಳಿದ ದಿನ ಅಪ್ಪನಿಗೆ ಹೇಳಿದೆ. ಅಪ್ಪ ಚಿಪ್ಪಿನ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿ, ಇನ್ನೊಂದು ಮುದ್ದೆ ಇಕ್ಕಲಾ ಎಂದ. ಅಪ್ಪನಿಗೆ ಕೊನೆಯವರೆಗೂ ಉಪ್ಪು ತಿಳಿಯಲಿಲ್ಲ. ಎರಡು ಹಿಡಿ ಉಪ್ಪು ಸುರಿದು ಬಡಿಸಿದ ಆ ದಿನವೇ ನಾನು ಹೇಳಿದ್ದರೆ ತಿಳಿಯುತ್ತಿತ್ತೋ ಏನೋ.